ಊರ ವರ್ತಮಾನ, ಸರ್ವರಾಜ್ಯ ವರ್ತಮಾನ

ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ನೆಯ ಇಸವಿ ಜುಲೈ ೧ರಂದು ಹೊರಬಿದ್ದಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಕ್ಕೊಮ್ಮೆ ಪ್ರಕಟಿಸುತ್ತಿದ್ದ ಈ ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಳೆಯಿತು. ಅದರ ಆಯುಷ್ಯ ದೀರ್ಘವಾದುದಲ್ಲ. ಆದರೂ ಅದು ತನ್ನ ಸುದ್ದಿಗಳನ್ನು ವಿಂಗಡಿಸಿದ ಕ್ರಮವು ಇಂದಿಗೂ ನಮಗೆ ಪಾಠವಾಗಬಲ್ಲದು. ಊರ ವರ್ತಮಾನಕ್ಕೆ ಅಲ್ಲಿ ಒಂದು ಸ್ಥಾನವಿತ್ತು. ಸರ್ವರಾಜ್ಯ ವರ್ತಮಾನಕ್ಕೆ ಬೇರೊಂದು ಸ್ಥಾನವಿತ್ತು. ಎರಡೂ ಓದುಗನಿಗೆ ಬೇಕು, ಆದರೆ ಎರಡೂ ಒಂದೇ ಅಲ್ಲ ಎಂಬ ತಿಳಿವಳಿಕೆ ಕನ್ನಡ ಪತ್ರಿಕಾವೃತ್ತಿಯ ಹುಟ್ಟಿನೊಡನೆಯೇ ಬಂದುದಾಗಿದೆ. ಜುಲೈ ಒಂದನ್ನು ಪತ್ರಿಕಾ ದಿನವೆಂದು ನಾಡಿನಾದ್ಯಂತ ಆಚರಿಸುತ್ತೇವೆ. ಆ ಮೊದಲ ಪತ್ರಿಕೆ ಕಲಿಸಿದ ವಿವೇಕವನ್ನು ಮಾತ್ರ ಕ್ರಮೇಣ ಮರೆಯುತ್ತಿದ್ದೇವೆಯೇ ಎಂಬ ಶಂಕೆಯೇ ಈ ಲೇಖನಕ್ಕೆ ಪ್ರೇರಣೆ.

ಇಂದಿನ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನನ್ನು ಕರೆದು ದೆಹಲಿಯ ರಾಜಕಾರಣವನ್ನು ಕುರಿತು ಕೇಳಿರಿ. ನಾಲ್ಕು ಮಾತುಗಳನ್ನಾದರೂ ಹೇಳಿಯಾನು. ಮುಂಬಯಿಯ ನಟನಟಿಯರ ವಿಚಾರ, ಕ್ರಿಕೆಟ್ ತಂಡದ ಆಯ್ಕೆಯ ವಿಚಾರ ಅವನ ನಾಲಿಗೆಯ ತುದಿಯಲ್ಲಿರುತ್ತದೆ. ಆದರೆ ತನ್ನ ಗ್ರಾಮ ಪಂಚಾಯಿತಿಯ ಅಧ್ಯಕ್ಷರು ಯಾರು, ಊರ ಕೆರೆಯ ಹೂಳನ್ನು ಎತ್ತುವ ಕೆಲಸ ಅರ್ಧಕ್ಕೆ ನಿಂತುದೇಕೆ, ತನ್ನೂರಿನಿಂದ ಶಾಲೆಗೆ ಬರುತ್ತಿದ್ದ ಬೆಳಗಿನ ಬಸ್ಸು ತಪ್ಪಿಹೋದುದು ಯಾರ ತೀರ್ಮಾನದಿಂದ ಎಂದು ಕೇಳಿದರೆ ಅವನು ಮೌನಿಯಾಗುತ್ತಾನೆ. ಇದು ಹುಡುಗನ ದೋಷವಲ್ಲ. ಮನೆಯಲ್ಲಿ ಹಿರಿಯರು ನೋಡುವ ದೂರದರ್ಶನದಲ್ಲಾಗಲಿ, ಅವನ ಕೈಗೆ ಬಂದ ಮೊಬೈಲಿನಲ್ಲಾಗಲಿ ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗಬಹುದಾದ ಜಿಲ್ಲಾ ಪತ್ರಿಕೆಯನ್ನು ಮನೆಗೆ ತರಿಸುವ ರೂಢಿ ಕಡಿಮೆಯಾಗುತ್ತಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುದ್ದಿಗೂ ಅನ್ವಯಿಸುತ್ತದೆ.

ರಾಷ್ಟ್ರೀಯ ಮಾಧ್ಯಮವು ದೊಡ್ಡದು, ಸ್ಥಳೀಯ ಪತ್ರಿಕೆಯು ಚಿಕ್ಕದು. ದೊಡ್ಡದರಲ್ಲಿ ಬಂದುದು ಮಹತ್ವದ್ದು, ಚಿಕ್ಕದರಲ್ಲಿ ಬಂದುದು ಅಲ್ಪವಾದುದು ಎಂಬುದು ಸಾಮಾನ್ಯ ಭಾವನೆ. ಆದರೆ ನಿಜವಾದ ಭೇದವಿರುವುದು ಬರೆಯುವವನಿಗೂ ಓದುವವನಿಗೂ ಇರುವ ಸಂಬಂಧದಲ್ಲಿ. ದೇಶದ ವಾರ್ತೆಯನ್ನು ಬರೆಯುವವನು ಒಂದು ಕಡೆಯ ಜನರನ್ನು ಕುರಿತು ಮತ್ತೊಂದು ಕಡೆಯ ಜನರಿಗಾಗಿ ಬರೆಯುತ್ತಾನೆ. ಊರಿನ ವಾರ್ತೆಯನ್ನು ಬರೆಯುವವನು ಯಾರನ್ನು ಕುರಿತು ಬರೆಯುತ್ತಾನೋ ಅವರೇ ಮರುದಿನ ಅದನ್ನು ಓದುತ್ತಾರೆ. ಸುಳ್ಳಿದ್ದರೆ ಸಂತೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಮೊದಲನೆಯದು ಓದುಗನನ್ನು ಪ್ರೇಕ್ಷಕನನ್ನಾಗಿ ಮಾಡುತ್ತದೆ. ಎರಡನೆಯದು ಅವನನ್ನು ಹೊಣೆಗಾರನನ್ನಾಗಿ ಮಾಡುತ್ತದೆ. ಪ್ರಜಾಪ್ರಭುತ್ವಕ್ಕೆ ಪ್ರೇಕ್ಷಕರಿದ್ದರೆ ಸಾಲದು, ಹೊಣೆಗಾರರು ಬೇಕು. ಆದಕಾರಣ ಊರ ವರ್ತಮಾನವನ್ನು ಉಳಿಸಿಕೊಳ್ಳುವುದು ಪತ್ರಿಕೆಯವರ ಹೊಟ್ಟೆಪಾಡಿನ ಪ್ರಶ್ನೆ ಮಾತ್ರವಾಗಿರದೆ, ವಿದ್ಯೆಯನ್ನು ನೀಡುವ ಸಂಸ್ಥೆಗಳ ಪ್ರಶ್ನೆಯೂ ಆಗಿದೆ ಎಂಬುದು ನನ್ನ ನಂಬಿಕೆ.

ಇಂದು ರಾಷ್ಟ್ರೀಯವೆನಿಸಿರುವ ಪತ್ರಿಕೆಗಳೂ ಹುಟ್ಟಿದಾಗ ಊರಿನ ಪತ್ರಿಕೆಗಳೇ ಆಗಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ‘ಟೈಮ್ಸ್ ಆಫ್ ಇಂಡಿಯಾ’ ೧೮೩೮ರಲ್ಲಿ ಮುಂಬಯಿಯ ವರ್ತಕರಿಗೆ ಬೇಕಾದ ವ್ಯಾಪಾರದ ವಾರ್ತೆಗಳ ಪತ್ರಿಕೆಯಾಗಿ ‘ಬಾಂಬೆ ಟೈಮ್ಸ್’ ಎಂಬ ಹೆಸರಿನಿಂದ ಆರಂಭವಾಯಿತು. ‘ದಿ ಹಿಂದೂ’ ೧೮೭೮ರಲ್ಲಿ ಮದರಾಸಿನ ತರುಣರ ಒಂದು ಗುಂಪು ಆರಂಭಿಸಿದ ವಾರಪತ್ರಿಕೆ, ದಿನಪತ್ರಿಕೆಯಾದುದು ೧೮೮೯ರಲ್ಲಿ. ನಮ್ಮ ಕಡೆಯ ‘ಸಂಯುಕ್ತ ಕರ್ನಾಟಕ’ವು ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದು, ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಏಕೀಕರಣದ ಸ್ವಪ್ನವನ್ನು ಮನೆಮನೆಗೆ ಮುಟ್ಟಿಸಿತು. ಮಣಿಪಾಲದಿಂದ ೧೯೭೦ರಲ್ಲಿ ಹೊರಟ ‘ಉದಯವಾಣಿ’ಯು ಹಳ್ಳಿಗಳ ಸುದ್ದಿಗೆ ಪುಟಗಳನ್ನು ತೆರೆದೇ ಕರಾವಳಿಯ ಮನೆಮಾತಾಯಿತು. ಊರಿನ ಬೇರಿನಿಂದಲೇ ದೇಶದ ಕೊಂಬೆ ಚಿಗುರಿತು. ಬೇರು ಒಣಗಿದ ಮೇಲೆ ಕೊಂಬೆ ಎಷ್ಟು ಕಾಲ ಹಸುರಾಗಿರಬಲ್ಲದು?

ರಾಷ್ಟ್ರೀಯ ಮಾಧ್ಯಮವು ಹಳ್ಳಿಯನ್ನು ಕಾಣದಿರುವುದಕ್ಕೆ ದ್ವೇಷವಾಗಲಿ ತಾತ್ಸಾರವಾಗಲಿ ಸದಾ ಕಾರಣವಲ್ಲ. ಅದರ ರಚನೆಯೇ ಹಾಗಿದೆ. ಅಸ್ಸಾಮಿನವನಿಗೂ ಗುಜರಾತಿನವನಿಗೂ ಏಕಕಾಲದಲ್ಲಿ ರುಚಿಸಬೇಕಾದ ಸುದ್ದಿಯಲ್ಲಿ ಸ್ಥಳದ ವಿವರಗಳು ಭಾರವಾಗುತ್ತವೆ. ಆದುದರಿಂದ ಅದು ಎಲ್ಲರಿಗೂ ಪರಿಚಿತವಾದ ಮುಖಗಳನ್ನು, ಪಕ್ಷಗಳನ್ನು, ಸೋಲುಗೆಲುವುಗಳನ್ನು ಆರಿಸಿಕೊಳ್ಳುತ್ತದೆ. ವಾರ್ತಾವಾಹಿನಿಗಳ ಕಚೇರಿಗಳಿರುವುದು ದೆಹಲಿ, ನೋಯ್ಡಾ, ಮುಂಬಯಿಗಳಲ್ಲಿ. ಕ್ಯಾಮೆರಾದವರನ್ನೂ ಪ್ರಸಾರದ ವಾಹನವನ್ನೂ ದೂರದ ತಾಲೂಕಿಗೆ ಕಳುಹಿಸುವುದು ಖರ್ಚಿನ ಬಾಬು. ಸ್ಟುಡಿಯೋದಲ್ಲಿ ಆರು ಜನರನ್ನು ಕೂರಿಸಿ ವಾದಕ್ಕೆ ಬಿಡುವುದು ಅಗ್ಗದ ಬಾಬು. ಇದರೊಡನೆ ಜಾಹೀರಾತಿನ ಲೆಕ್ಕವೂ ಸೇರುತ್ತದೆ. ಎಷ್ಟು ಜನ ಯಾವ ವಾಹಿನಿಯನ್ನು ನೋಡುತ್ತಾರೆಂದು ಅಳೆಯುವ ಯಂತ್ರಗಳು ಬಹುಕಾಲ ನಗರಗಳ ಮನೆಗಳಲ್ಲೇ ಇದ್ದವು. ಗ್ರಾಮೀಣ ವೀಕ್ಷಕನ ಗಣನೆ ಆರಂಭವಾದುದು ೨೦೧೫ರಲ್ಲಿ. ಯಾರನ್ನು ಎಣಿಸುವುದಿಲ್ಲವೋ ಅವರ ಸುದ್ದಿಗೆ ಬೆಲೆ ಬರುವುದಾದರೂ ಹೇಗೆ?

ನಮ್ಮ ನಾಡಿನದೇ ಒಂದು ನಿದರ್ಶನವನ್ನು ಪರಿಶೀಲಿಸೋಣ. ೨೦೧೯ರ ಜುಲೈ ತಿಂಗಳಿನಲ್ಲಿ ದೇಶದ ವಾಹಿನಿಗಳೆಲ್ಲ ಕರ್ನಾಟಕದ ಮೇಲೆ ಕಣ್ಣಿಟ್ಟಿದ್ದವು. ಶಾಸಕರ ರಾಜೀನಾಮೆ, ಅವರು ತಂಗಿದ್ದ ಮುಂಬಯಿಯ ಹೋಟೆಲು, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು, ವಿಧಾನಸೌಧದ ಅಂಗಳ ಇವೇ ಅಹೋರಾತ್ರಿಯ ಸುದ್ದಿಗಳಾದವು. ೨೩ರಂದು ವಿಶ್ವಾಸಮತದಲ್ಲಿ ೯೯ಕ್ಕೆ ೧೦೫ ಮತಗಳಿಂದ ಸರಕಾರ ಬಿದ್ದಿತು. ೨೬ರಂದು ಹೊಸ ಮುಖ್ಯಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದರು. ಅಲ್ಲಿಗೆ ನಾಟಕ ಮುಗಿಯಿತು, ಕ್ಯಾಮೆರಾಗಳು ಹೊರಟುಹೋದವು.

ಹದಿನೈದು ದಿನ ಕಳೆಯುವುದರೊಳಗೆ, ಆಗಸ್ಟ್ ಮೊದಲ ವಾರದಲ್ಲಿ, ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ದಡ ಮೀರಿ ಹರಿದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದೀತೀರದ ಊರುಗಳು ಜಲಾವೃತವಾದವು. ಗೋಕಾಕ, ರಾಮದುರ್ಗ, ಮುಧೋಳಗಳಲ್ಲಿ ನೀರು ಪೇಟೆಗಳೊಳಗೆ ನುಗ್ಗಿತು. ಪಟ್ಟದಕಲ್ಲಿನ ದೇವಾಲಯಗಳ ಅಂಗಳವನ್ನೂ ಮಲಪ್ರಭೆ ಬಿಡಲಿಲ್ಲ. ಸರಕಾರ ೨೨ ಜಿಲ್ಲೆಗಳ ನೂರಕ್ಕೂ ಹೆಚ್ಚು ತಾಲೂಕುಗಳನ್ನು ನೆರೆಪೀಡಿತವೆಂದು ಗುರುತಿಸಿತು. ಲಕ್ಷಾಂತರ ಜನರನ್ನು ಮನೆ ಬಿಡಿಸಿ ಸಾಗಿಸಬೇಕಾಯಿತು. ಅದೇ ಆಗಸ್ಟ್ ೫ರಂದು ಸಂವಿಧಾನದ ೩೭೦ನೆಯ ವಿಧಿಯನ್ನು ಕುರಿತ ಘೋಷಣೆಯು ಸಂಸತ್ತಿನಲ್ಲಿ ಆಯಿತು. ಅದು ದೇಶದ ಮಹತ್ತರ ಘಟನೆ. ಅದಕ್ಕೆ ಮೊದಲ ಸ್ಥಾನ ಸಲ್ಲಬೇಕಾದುದೇ. ಆದರೆ ಒಂದು ತಿಂಗಳು ಕರ್ನಾಟಕವನ್ನು ಬಿಟ್ಟು ಕದಲದಿದ್ದ ಮಾಧ್ಯಮಕ್ಕೆ ಅದೇ ಕರ್ನಾಟಕದ ಲಕ್ಷಾಂತರ ಜನ ಗಂಜಿ ಕೇಂದ್ರಗಳಲ್ಲಿ ಮಲಗಿದ್ದಾಗ ಎರಡನೆಯ ಸ್ಥಾನವನ್ನಾದರೂ ನೀಡಲು ಅಡ್ಡಿಯಾದುದು ಏನು? ಸುದ್ದಿ ಬರಲೇ ಇಲ್ಲವೆಂದಲ್ಲ. ಕೇಂದ್ರ ಗೃಹ ಸಚಿವರು ೧೧ರಂದು ವೈಮಾನಿಕ ಸಮೀಕ್ಷೆ ನಡೆಸಿದಾಗ ಬಂದಿತು. ಮೇಲಿನಿಂದ ಕಂಡ ನೀರು ಸುದ್ದಿಯಾಯಿತು, ನೀರೊಳಗಿದ್ದವರ ಬದುಕು ಸುದ್ದಿಯಾದುದು ವಿರಳ.

ಅದೇ ದಿನಗಳಲ್ಲಿ ಜಿಲ್ಲಾ ಪತ್ರಿಕೆಗಳು ಮತ್ತು ರಾಜ್ಯ ಪತ್ರಿಕೆಗಳ ಜಿಲ್ಲಾ ಪುಟಗಳು ಹೊತ್ತ ಹೊರೆ ಬೇರೆ ಬಗೆಯದು. ಕೊಯ್ನಾದಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆ, ಆಲಮಟ್ಟಿಯ ಮಟ್ಟ ಎಷ್ಟಿದೆ, ಯಾವ ಸೇತುವೆ ಮುಳುಗಿದೆ, ಯಾವ ಮಾರ್ಗದ ಬಸ್ಸು ನಿಂತಿದೆ, ಗಂಜಿ ಕೇಂದ್ರ ಯಾವ ಶಾಲೆಯಲ್ಲಿದೆ, ದನಗಳಿಗೆ ಮೇವು ಎಲ್ಲಿ ಸಿಗುತ್ತದೆ ಎಂಬಂಥ ವಿವರಗಳು ದೆಹಲಿಯ ಓದುಗನಿಗೆ ನೀರಸ. ನದೀತೀರದವನಿಗಾದರೋ ಅವು ಪ್ರಾಣದ ಪ್ರಶ್ನೆ. ರಾಜ್ಯದಲ್ಲಿ ಆಗ ಮುಖ್ಯಮಂತ್ರಿಗಳೊಬ್ಬರನ್ನು ಬಿಟ್ಟರೆ ಮಂತ್ರಿಗಳೇ ಇರಲಿಲ್ಲ; ಸಂಪುಟ ರಚನೆಯಾದುದು ೨೦ರಂದು. ಯಾವ ಜಿಲ್ಲೆಗೂ ಉಸ್ತುವಾರಿ ಮಂತ್ರಿಯಿಲ್ಲದಿದ್ದಾಗ ಸಂತ್ರಸ್ತನ ಅಹವಾಲಿಗೆ ವೇದಿಕೆಯಾದುದು ಊರ ಪತ್ರಿಕೆಯ ಒಂದು ಅಂಕಣ. ನೀರು ಇಳಿದ ಬಳಿಕ ತಿಂಗಳುಗಟ್ಟಲೆ ನಡೆದ ಇನ್ನೊಂದು ಕಥೆಯಿದೆ. ಬಿದ್ದ ಮನೆ ಯಾವ ವರ್ಗದ ಪಟ್ಟಿಗೆ ಸೇರಿತು, ಐದು ಲಕ್ಷ ರೂಪಾಯಿಯ ಪರಿಹಾರಕ್ಕೆ ಯಾರ ಹೆಸರು ಬಂತು, ಯಾರ ಹೆಸರು ಬಿಟ್ಟುಹೋಯಿತು ಎಂಬ ಆ ಕಥೆಯನ್ನು ಊರಿನವನಲ್ಲದೆ ಮತ್ತಾರೂ ಬರೆಯಲಾರರು.

ಇದರ ಪರಿಣಾಮ ಭಾವನೆಗಳಿಗಷ್ಟೇ ಸೀಮಿತವಾದುದಲ್ಲ. ಕೇಂದ್ರದಿಂದ ೧,೨೦೦ ಕೋಟಿ ರೂಪಾಯಿಗಳ ಮಧ್ಯಂತರ ನೆರವು ಬಿಡುಗಡೆಯಾದುದು ಅಕ್ಟೋಬರ್ ೪ರಂದು. ನೆರೆ ಬಂದು ಎರಡು ತಿಂಗಳ ಮೇಲೆ. ಈ ವಿಳಂಬಕ್ಕೆ ಆಡಳಿತದ ಕಾರಣಗಳು ಹಲವಿರಬಹುದು. ಆದರೆ ದೇಶದ ಕಣ್ಣಿಗೆ ದಿನವೂ ಬೀಳುವ ಸಂಕಟಕ್ಕೆ ದೊರೆಯುವ ತ್ವರೆ, ಕಣ್ಣಿಗೆ ಬೀಳದ ಸಂಕಟಕ್ಕೆ ದೊರೆಯುವುದಿಲ್ಲ ಎಂದು ಹೇಳಲು ಪಾಂಡಿತ್ಯ ಬೇಕಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಮುಳುಗಿ, ಕಂಪ್ಯೂಟರ್ ಕಂಪನಿಗಳ ನೌಕರರು ಟ್ರಾಕ್ಟರುಗಳಲ್ಲಿ ಕುಳಿತು ಕೆಲಸಕ್ಕೆ ಹೋದಾಗ ಆ ಚಿತ್ರ ಜಗತ್ತನ್ನೇ ಸುತ್ತಿತು. ಬೆಂಗಳೂರಿನವರ ಕಷ್ಟವೂ ಕಷ್ಟವೇ. ಟ್ರಾಕ್ಟರಿನಲ್ಲಿ ಕುಳಿತು ನೆರೆ ದಾಟುವುದನ್ನು ಪ್ರತಿ ಮಳೆಗಾಲದಲ್ಲೂ ಕಂಡಿರುವ ನಮ್ಮ ಕಡೆಯವರಿಗೆ ಮಾತ್ರ ಅದು ಸುದ್ದಿಯಾದ ಬಗೆ ವಿಸ್ಮಯವನ್ನುಂಟುಮಾಡಿತು.

ಊರ ಪತ್ರಿಕೆಯ ಇನ್ನೊಂದು ಗುಣವೆಂದರೆ, ಅದು ಮುಂಚಿತವಾಗಿ ಕಾಣಬಲ್ಲದು. ಭೋಪಾಲದ ದುರಂತವನ್ನು ಎಲ್ಲರೂ ಬಲ್ಲರು. ೧೯೮೪ರ ಡಿಸೆಂಬರ್ ೨ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ವಿಷಾನಿಲವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಲೋಕದ ಪತ್ರಕರ್ತರೆಲ್ಲ ಆ ನಗರಕ್ಕೆ ಧಾವಿಸಿದರು. ಆದರೆ ಅದೇ ಊರಿನ ರಾಜಕುಮಾರ ಕೇಸ್ವಾನಿ ಎಂಬ ತರುಣ ಪತ್ರಕರ್ತರು ‘ರಪಟ್’ ಎಂಬ ತಮ್ಮ ಪುಟ್ಟ ಹಿಂದೀ ವಾರಪತ್ರಿಕೆಯಲ್ಲಿ ೧೯೮೨ರಲ್ಲೇ ಈ ಅಪಾಯವನ್ನು ಕುರಿತು ಒಂದರ ಹಿಂದೊಂದರಂತೆ ಲೇಖನಗಳನ್ನು ಬರೆದಿದ್ದರು. ೧೯೮೧ರ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲ ತಗುಲಿ ಕಾರ್ಮಿಕನೊಬ್ಬನು ಸತ್ತಿದ್ದುದು ಅವರನ್ನು ಕಲಕಿತ್ತು. ಕಾರ್ಖಾನೆಯ ಗೋಡೆಯ ಆಚೆ ಏನು ನಡೆಯುತ್ತಿದೆ ಎಂಬುದನ್ನು ಕಾರ್ಮಿಕರಿಂದ ಕೇಳಿ, ಕಾಗದಪತ್ರಗಳನ್ನು ಹುಡುಕಿ ಅವರು ಬರೆದರು. ಸಣ್ಣ ಪತ್ರಿಕೆಯ ಕೂಗನ್ನು ಯಾರೂ ಲೆಕ್ಕಿಸಲಿಲ್ಲ. ದುರಂತದ ಬಳಿಕ ಅವರಿಗೆ ಪ್ರಶಸ್ತಿಗಳು ಬಂದವು, ಸತ್ತವರು ಬರಲಿಲ್ಲ. ಹಿತ್ತಲ ಗಿಡವನ್ನು ಮದ್ದೆಂದು ನಂಬದಿದ್ದುದಕ್ಕೆ ಒಂದು ನಗರ ತೆತ್ತ ಬೆಲೆ ಇದು.

ಹಾಗೆಂದು ರಾಷ್ಟ್ರೀಯ ಮಾಧ್ಯಮವೇ ಬೇಡವೆಂದು ವಾದಿಸುವುದು ಅವಿವೇಕವಾದೀತು. ಅದಕ್ಕೆ ಅದರದೇ ಶಕ್ತಿಯಿದೆ. ಬಿಹಾರದ ಭಾಗಲ್ಪುರದಲ್ಲಿ ೧೯೭೯-೮೦ರ ಅವಧಿಯಲ್ಲಿ ಪೊಲೀಸರು ಮೂವತ್ತಕ್ಕೂ ಹೆಚ್ಚು ಜನ ಆರೋಪಿಗಳ ಕಣ್ಣುಗಳನ್ನು ಚುಚ್ಚಿ ಆಮ್ಲ ಸುರಿದು ಕುರುಡಾಗಿಸಿದ್ದರು. ಊರಿನಲ್ಲಿ ಇದು ಗುಟ್ಟಾಗಿರಲಿಲ್ಲ. ಕಳ್ಳಕಾಕರಿಗೆ ತಕ್ಕ ಶಾಸ್ತಿಯಾಯಿತೆಂದು ಮೆಚ್ಚಿದವರೂ ಅಲ್ಲಿದ್ದರು. ೧೯೮೦ರ ನವೆಂಬರಿನಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಅರುಣ್ ಸಿನ್ಹಾ ಅವರ ವರದಿ ಪ್ರಕಟವಾದ ಮೇಲೆಯೇ ದೇಶ ಬೆಚ್ಚಿತು, ಸರ್ವೋಚ್ಚ ನ್ಯಾಯಾಲಯ ವಿಚಾರಣೆ ನಡೆಸಿತು, ಬಡ ಆರೋಪಿಗೆ ಉಚಿತ ಕಾನೂನು ನೆರವು ನೀಡುವುದು ಸರಕಾರದ ಕರ್ತವ್ಯವೆಂದು ಸಾರಿತು. ಊರು ತನ್ನ ತಪ್ಪನ್ನು ತಾನೇ ಕಾಣಲಾರದೆ ಹೋದಾಗ ದೂರದ ಕಣ್ಣು ಬೇಕಾಗುತ್ತದೆ. ನದಿಯು ಎರಡು ಮೂರು ರಾಜ್ಯಗಳಲ್ಲಿ ಹರಿಯುವಾಗ ಮೇಲಿನ ಅಣೆಕಟ್ಟಿನ ನೀರಿಗೂ ಕೆಳಗಿನ ಊರಿನ ನೆರೆಗೂ ಇರುವ ಸಂಬಂಧವನ್ನು ಒಂದೇ ನೋಟದಲ್ಲಿ ತೋರಿಸುವುದಕ್ಕೂ ಅದೇ ಬೇಕು. ಎರಡು ಕಣ್ಣುಗಳಲ್ಲಿ ಒಂದನ್ನು ಮುಚ್ಚಿಕೊಂಡವನಿಗೆ ದೂರ ಹತ್ತಿರಗಳ ಅಂದಾಜು ತಪ್ಪುತ್ತದೆ.

ಒಂದೇ ಯಂತ್ರವನ್ನು ಈ ಎರಡು ದೃಷ್ಟಿಗಳಿಂದಲೂ ಬಳಸಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಪ್ರಯೋಗ ನಡೆದಿದೆ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಲಾಯಿತು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ವಿದ್ಯುದ್ದೀಪವೇ ಅಪರೂಪವಾಗಿದ್ದ ಕಾಲದಲ್ಲಿ ಅದು ದೊಡ್ಡ ಸಾಹಸವೇ ಸರಿ. ಆದರೆ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ದೂರದ ಕೇಂದ್ರಗಳಲ್ಲಿ. ಹಳ್ಳಿಯವರು ನೋಡುವವರು ಮಾತ್ರ. ಅದೇ ವರ್ಷ ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ಪೀಜ್ ಎಂಬ ಊರಿನ ಸಣ್ಣ ಪ್ರಸಾರ ಕೇಂದ್ರದ ಮೂಲಕ ಇನ್ನೊಂದು ಪ್ರಯೋಗ ಆರಂಭವಾಯಿತು. ಆ ಜಿಲ್ಲೆಯ ಜನರ ನುಡಿಯಲ್ಲಿ, ಅವರ ಜಗಳಗಂಟು, ಜಾತಿಯ ಕಟ್ಟು, ಹೆಂಗಸರ ಕಷ್ಟ, ಕೂಲಿಯ ದರ ಮೊದಲಾದವುಗಳನ್ನು ವಸ್ತುವಾಗಿಸಿಕೊಂಡು, ಅವರನ್ನೇ ಪಾತ್ರಧಾರಿಗಳನ್ನಾಗಿಸಿ ಕಾರ್ಯಕ್ರಮಗಳನ್ನು ರಚಿಸಿದರು. ೧೯೮೪ರಲ್ಲಿ ಯುನೆಸ್ಕೋದ ಪ್ರಶಸ್ತಿ ಅದಕ್ಕೆ ಬಂದಿತು. ಆದರೂ ಖೇಡಾದ ಮಾದರಿ ದೇಶದಲ್ಲಿ ಬೆಳೆಯಲಿಲ್ಲ; ಕೇಂದ್ರದಿಂದ ಎಲ್ಲೆಡೆಗೆ ಒಂದನ್ನೇ ಬಿತ್ತುವ ಮಾದರಿ ಬೆಳೆಯಿತು. ಇಂದಿನ ವಾರ್ತಾವಾಹಿನಿಗಳು ಆ ಮಾದರಿಯ ಸಂತಾನ.

ಊರ ವರ್ತಮಾನವೂ ಶಾಲೆಯೂ ಕೈಗೂಡಿಸಿದರೆ ಏನಾಗಬಹುದೆಂಬುದನ್ನು ನೆರೆಯ ಆಂಧ್ರವು ತೋರಿಸಿಕೊಟ್ಟಿತು. ೧೯೯೦ರ ಸುಮಾರಿನಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಗಂಡನ ಕುಡಿತದಿಂದ ಹಾಳಾದ ಸಂಸಾರವೊಂದರ ಪಾಠ ಆ ವಾಚಕದಲ್ಲಿತ್ತು. ಅಕ್ಷರ ಕಲಿತ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅದನ್ನು ಓದಿ ಸುಮ್ಮನಾಗದೆ, ತಮ್ಮೂರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಒಂದು ಹಳ್ಳಿಯಲ್ಲಿ ನಡೆದುದು ಪಕ್ಕದ ಹಳ್ಳಿಗೆ ತಿಳಿದುದು ಹೇಗೆ? ೧೯೭೪ರಲ್ಲಿ ವಿಶಾಖಪಟ್ಟಣದಲ್ಲಿ ಆರಂಭವಾದ ‘ಈನಾಡು’ ತೆಲುಗು ಪತ್ರಿಕೆ ಜಿಲ್ಲೆಗೊಂದು ಪ್ರತ್ಯೇಕ ಪುರವಣಿಯನ್ನು ನೀಡುವ ಪದ್ಧತಿಯನ್ನು ರೂಢಿಸಿತ್ತು. ಆ ಪುಟಗಳಲ್ಲಿ ದಿನದಿನವೂ ಹೆಂಗಸರ ಹೋರಾಟದ ಸುದ್ದಿ ಬಂದಿತು. ಊರಿನಿಂದ ಊರಿಗೆ ಹಬ್ಬಿದ ಚಳವಳಿಗೆ ಸರಕಾರ ಮಣಿದು ೧೯೯೩ರ ಅಕ್ಟೋಬರ್ ೧ರಿಂದ ಸಾರಾಯಿಯನ್ನು ನಿಷೇಧಿಸಿತು. ಅಕ್ಷರವನ್ನು ಕೊಟ್ಟದ್ದು ಶಾಲೆ; ಆ ಅಕ್ಷರಕ್ಕೆ ದಿನವೂ ಕೆಲಸ ಕೊಟ್ಟದ್ದು ಊರ ಪತ್ರಿಕೆ.

ಇಷ್ಟರಿಂದ ಸ್ಥಳೀಯ ಪತ್ರಿಕೆಯೆಲ್ಲ ಪರಿಶುದ್ಧವೆಂದು ಭಾವಿಸಲಾಗದು. ಅದರ ರೋಗಗಳನ್ನು ಮುಚ್ಚಿಟ್ಟು ಹೊಗಳುವುದು ಅದಕ್ಕೆ ಮಾಡುವ ಅಪಕಾರ. ತಾಲೂಕಿನ ಬಾತ್ಮೀದಾರನಿಗೆ ಸಿಗುವ ಸಂಬಳ ಎಷ್ಟೋ ಕಡೆ ಹೆಸರಿಗೆ ಮಾತ್ರ. ಸುದ್ದಿಯ ಜೊತೆಗೆ ಜಾಹೀರಾತನ್ನೂ ಅವನೇ ತರಬೇಕು. ಬೆಳಿಗ್ಗೆ ಯಾರ ಕಾಮಗಾರಿಯ ಕಳಪೆತನವನ್ನು ಬರೆಯಬೇಕೋ, ಸಂಜೆ ಅವರ ಬಳಿಯೇ ಹಬ್ಬದ ಶುಭಾಶಯದ ಜಾಹೀರಾತಿಗೆ ಕೈಯೊಡ್ಡಬೇಕು. ಸರಕಾರದ ಪ್ರಕಟಣೆಗಳ ಹಣ ನಿಂತರೆ ಪತ್ರಿಕೆ ನಿಲ್ಲುತ್ತದೆ. ಹೆದರಿಸಿ ಹಣ ಕೀಳುವ ಕೆಲವರಿಂದ ಇಡೀ ವೃತ್ತಿಗೆ ಕಳಂಕ ಬಂದಿರುವುದೂ ನಿಜ. ಇವೆಲ್ಲವನ್ನೂ ಮೀರಿ ಸತ್ಯವನ್ನು ಬರೆದವನಿಗೆ ರಕ್ಷಣೆಯಿಲ್ಲ. ಹರಿಯಾಣದ ಸಿರ್ಸಾ ಪಟ್ಟಣದ ‘ಪೂರಾ ಸಚ್’ ಎಂಬ ಸಣ್ಣ ಪತ್ರಿಕೆಯ ಸಂಪಾದಕ ರಾಮಚಂದರ್ ಛತ್ರಪತಿ ಅವರು, ಅಲ್ಲಿಯ ಪ್ರಬಲ ಡೇರಾ ಒಂದರಲ್ಲಿ ಹೆಣ್ಣುಮಕ್ಕಳ ಮೇಲೆ ನಡೆಯುತ್ತಿದ್ದ ಅತ್ಯಾಚಾರವನ್ನು ಕುರಿತ ಅನಾಮಧೇಯ ಪತ್ರವನ್ನು ೨೦೦೨ರಲ್ಲಿ ಪ್ರಕಟಿಸಿದರು. ಅದೇ ಅಕ್ಟೋಬರಿನಲ್ಲಿ ಮನೆಯ ಬಾಗಿಲಲ್ಲೇ ಅವರಿಗೆ ಗುಂಡಿಕ್ಕಲಾಯಿತು. ಮುಂದಿನ ತಿಂಗಳು ಅವರು ತೀರಿಕೊಂಡರು. ಡೇರಾದ ಮುಖ್ಯಸ್ಥನು ಅತ್ಯಾಚಾರದ ಅಪರಾಧಿಯೆಂದು ನ್ಯಾಯಾಲಯ ತೀರ್ಪಿತ್ತುದು ೨೦೧೭ರ ಆಗಸ್ಟಿನಲ್ಲಿ. ದೇಶದ ವಾಹಿನಿಗಳು ಅಲ್ಲಿ ಕಿಕ್ಕಿರಿದುದು ಆಗ, ಹದಿನೈದು ವರ್ಷಗಳ ಮೇಲೆ.

ಇಲ್ಲಿ ವಾಚಕರ ಕ್ಷಮೆ ಕೋರಿ ಒಂದು ನಿಷ್ಠುರದ ಮಾತನ್ನು ಆಡಬೇಕಾಗಿದೆ. ಊರ ಪತ್ರಿಕೆಯನ್ನು ದುರ್ಬಲಗೊಳಿಸಿದವರಲ್ಲಿ ಅಧಿಕಾರಿಗಳು, ಗುತ್ತಿಗೆದಾರರು ಮಾತ್ರವಿಲ್ಲ. ಗೌರವಾನ್ವಿತರಾದ ನಾವೂ ಇದ್ದೇವೆ. ಶಿಕ್ಷಣ ಸಂಸ್ಥೆಗಳು, ಮಠಮಾನ್ಯಗಳು, ಸಹಕಾರಿ ಸಂಘಗಳು, ದಾನಿಗಳು ಊರ ಪತ್ರಿಕೆಯಿಂದ ಬಯಸುವುದು ಏನನ್ನು? ಸತ್ಕಾರ ಸಮಾರಂಭದ ಭಾವಚಿತ್ರವನ್ನು, ಶಾಲು ಹೊದಿಸಿಕೊಂಡವರ ಹೆಸರಿನ ಪಟ್ಟಿಯನ್ನು. ಒಂದು ಹೆಸರು ಬಿಟ್ಟುಹೋದರೆ ಸಂಪಾದಕರಿಗೆ ಕರೆ ಹೋಗುತ್ತದೆ. ಅದೇ ಪತ್ರಿಕೆ ಯಾವುದಾದರೂ ಪ್ರಸಾದ ನಿಲಯದ ಕುಡಿಯುವ ನೀರು ಕೆಟ್ಟಿದೆಯೆಂದೋ, ಯಾವುದಾದರೂ ಶಾಲೆಯಲ್ಲಿ ಶಿಕ್ಷಕರ ನೇಮಕಾತಿ ಸರಿಯಾಗಿ ನಡೆದಿಲ್ಲವೆಂದೋ ಬರೆದರೆ ಜಾಹೀರಾತು ನಿಲ್ಲುತ್ತದೆ, ಮಾತುಕತೆಯೂ ನಿಲ್ಲುತ್ತದೆ. ಹೊಗಳಲು ಮಾತ್ರ ಬಾಯಿರುವ ಪತ್ರಿಕೆಯ ಹೊಗಳಿಕೆಗೆ ಬೆಲೆಯೇನು? ನಮ್ಮ ಲೋಪವನ್ನು ಕಂಡು ಹೇಳುವ ಧೈರ್ಯ ಅದಕ್ಕಿದ್ದಾಗ ಮಾತ್ರ, ನಮ್ಮ ಸಾಧನೆಯನ್ನು ಅದು ಮೆಚ್ಚಿದಾಗ ಊರು ನಂಬುತ್ತದೆ. ನೀರು ಕೆಟ್ಟಿದೆಯೆಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಂಸ್ಥೆಗೆ ಒಂದು ದಿನದ ಮುಜುಗರ. ಬಾರದೆ ಹೋದರೆ ಮಕ್ಕಳಿಗೆ ಜ್ವರ.

ಈ ಹಿನ್ನೆಲೆಯಲ್ಲಿ ಮೂರು ವರ್ಗದ ವಾಚಕರಲ್ಲಿ ಮೂರು ವಿನಂತಿಗಳನ್ನು ನಿವೇದಿಸಿಕೊಳ್ಳುತ್ತೇನೆ. ಮೊದಲನೆಯದು ಉಪಾಧ್ಯಾಯ ಬಂಧುಗಳಿಗೆ. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ವಾರ್ತೆಗಳನ್ನು ಓದಿಸುವ ಒಳ್ಳೆಯ ಪದ್ಧತಿ ನಮ್ಮ ಶಾಲೆಗಳಲ್ಲಿದೆ. ಅಲ್ಲಿ ದೇಶ ವಿದೇಶಗಳ ವಾರ್ತೆಗಳೊಡನೆ ಜಿಲ್ಲೆಯ ಎರಡು, ತಾಲೂಕಿನ ಒಂದು ವಾರ್ತೆಗೆ ಕಡ್ಡಾಯವಾಗಿ ಸ್ಥಳವಿರಲಿ. ವಾರಕ್ಕೊಮ್ಮೆ ಮೇಲಿನ ತರಗತಿಗಳಲ್ಲಿ ಒಂದೇ ಸಂಗತಿಯನ್ನು ರಾಷ್ಟ್ರೀಯ ಪತ್ರಿಕೆ ಹೇಗೆ ಬರೆದಿದೆ, ಊರ ಪತ್ರಿಕೆ ಹೇಗೆ ಬರೆದಿದೆ ಎಂದು ಹೋಲಿಸಿ ನೋಡಿಸಿರಿ. ಯಾರ ಮಾತನ್ನು ಕೇಳಿ ಬರೆದಿದ್ದಾರೆ, ಯಾರ ಮಾತನ್ನು ಕೇಳಿಲ್ಲ, ಸ್ಥಳಕ್ಕೆ ಹೋಗಿದ್ದರೇ, ಅಂಕಿಯ ಮೂಲ ಯಾವುದು ಎಂಬ ನಾಲ್ಕು ಪ್ರಶ್ನೆಗಳನ್ನು ಹಾಕಲು ಕಲಿತ ಹುಡುಗನನ್ನು ಯಾವ ಮೊಬೈಲಿನ ವದಂತಿಯೂ ಸುಲಭವಾಗಿ ಮೋಸಗೊಳಿಸಲಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಶಾಲೆಯ ಭಿತ್ತಿಪತ್ರಿಕೆಯಲ್ಲಿ ಸುಭಾಷಿತಗಳ ಪಕ್ಕದಲ್ಲಿ ವಿದ್ಯಾರ್ಥಿಯೇ ತನ್ನೂರಿಗೆ ಹೋಗಿ ಕೇಳಿ ಬರೆದ ಒಂದು ವರದಿಯೂ ಇರಲಿ.

ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ. ತಮ್ಮಲ್ಲಿ ಅನೇಕರು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿಯೂ ಸಮುದ್ರದಾಚೆಯ ದೇಶಗಳಲ್ಲಿಯೂ ನೆಲಸಿದ್ದೀರಿ. ಊರಿನಲ್ಲಿ ನೆರೆ ಬಂದಾಗ, ಬರ ಬಿದ್ದಾಗ ತಾವು ಕಳುಹಿಸಿದ ನೆರವನ್ನು ಊರು ಮರೆತಿಲ್ಲ. ಆದರೆ ಸಂಕಟ ಬಂದಾಗ ಮಾತ್ರ ನೆನಪಾಗುವ ಊರು, ದೂರದ ಬೆಟ್ಟದಂತೆ ನುಣ್ಣಗೆ ಕಾಣುತ್ತದೆ. ತಮ್ಮ ಜಿಲ್ಲೆಯ ಒಂದು ಪತ್ರಿಕೆಗೆ ಚಂದಾದಾರರಾಗಿರಿ. ವರ್ಷದ ಚಂದಾ ನಗರದ ಒಂದು ಹೋಟೆಲಿನ ಊಟದ ಖರ್ಚನ್ನು ಬಹಳ ಮೀರಲಾರದು. ಆ ಚಂದಾ ಹಣವೇ ಸಂಪಾದಕನನ್ನು ಜಾಹೀರಾತುದಾರನ ಹಂಗಿನಿಂದ ಸ್ವಲ್ಪಮಟ್ಟಿಗೆ ಬಿಡಿಸುತ್ತದೆ. ತಾವು ಬಲ್ಲ ವಿಷಯವನ್ನು ಕುರಿತು, ಅದು ವೈದ್ಯವಿರಲಿ, ನೀರಾವರಿಯಿರಲಿ, ಕಾನೂನಿರಲಿ, ಊರಿಗೆ ಅನ್ವಯಿಸಿ ಒಂದು ಲೇಖನವನ್ನು ಬರೆದು ಕಳುಹಿಸಿರಿ. ಸರ್ವರಾಜ್ಯವನ್ನು ಕಂಡವರು ಊರ ವರ್ತಮಾನಕ್ಕೆ ಸಲ್ಲಿಸಬಹುದಾದ ಋಣ ಅದು.

ಮೂರನೆಯದು ದಾನಿಗಳಿಗೆ. ಕಟ್ಟಡಗಳಿಗೆ ಉದಾರವಾಗಿ ಕೊಟ್ಟಿದ್ದೀರಿ. ಅದರ ಫಲವನ್ನು ಮಕ್ಕಳು ಉಣ್ಣುತ್ತಿದ್ದಾರೆ. ಜಿಲ್ಲೆಯಿಂದ ಹೊರಡುವ ಪತ್ರಿಕೆಗಳ ಸಂಚಿಕೆಗಳನ್ನು ವರ್ಷವರ್ಷವೂ ತರಿಸಿ, ರಟ್ಟು ಹಾಕಿಸಿ, ಗ್ರಂಥಾಲಯದಲ್ಲಿ ಕಾಪಾಡಲು ಒಂದು ಸಣ್ಣ ನಿಧಿಯನ್ನು ಸ್ಥಾಪಿಸಬಾರದೇಕೆ? ರಾಷ್ಟ್ರೀಯ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಕಾಯುವವರು ಹಲವರಿದ್ದಾರೆ. ಊರ ಪತ್ರಿಕೆ ರದ್ದಿಯ ಅಂಗಡಿಗೆ ಹೋದರೆ ಅದರೊಡನೆ ಊರಿನ ಇತಿಹಾಸವೂ ಹೋಗುತ್ತದೆ. ಐವತ್ತು ವರ್ಷಗಳ ತರುವಾಯ ಈ ಜಿಲ್ಲೆಯ ಕೆರೆಗಳು ಯಾವಾಗ ತುಂಬಿದವು, ಯಾವ ವರ್ಷ ಜೋಳದ ಧಾರಣೆ ಕುಸಿಯಿತು, ಯಾವ ಹಳ್ಳಿಗೆ ಶಾಲೆ ಯಾವಾಗ ಬಂದಿತು ಎಂದು ತಿಳಿಯಬಯಸುವವನಿಗೆ ಬೇರೆ ಆಧಾರವೆಲ್ಲಿ? ಅಂಥ ನಿಧಿಯನ್ನು ಕೊಡುವಾಗ ಒಂದು ಸಂಕಲ್ಪವನ್ನೂ ಮಾಡೋಣ: ನಮ್ಮನ್ನು ಟೀಕಿಸಿದ ಸಂಚಿಕೆಗೂ ನಮ್ಮನ್ನು ಹೊಗಳಿದ ಸಂಚಿಕೆಗೂ ಒಂದೇ ರಟ್ಟಿನೊಳಗೆ ಸ್ಥಾನವಿರಲಿ.

ದೇಶದ ವಾರ್ತೆ ನಮ್ಮ ದೃಷ್ಟಿಯನ್ನು ಹಿಗ್ಗಿಸುತ್ತದೆ. ಊರಿನ ವಾರ್ತೆ ನಮ್ಮ ಕೈಗೆ ಕೆಲಸ ಕೊಡುತ್ತದೆ. ದೆಹಲಿಯಲ್ಲಿ ನಡೆದುದನ್ನು ಓದಿ ನಾವು ಸಂತೋಷಪಡಬಹುದು, ವ್ಯಥೆಪಡಬಹುದು, ಐದು ವರ್ಷಕ್ಕೊಮ್ಮೆ ಒಂದು ಮತವನ್ನೂ ಹಾಕಬಹುದು. ಊರ ಬಾವಿಯ ನೀರು ಕೆಟ್ಟಿದೆಯೆಂದು ಓದಿದವನಾದರೋ ಅಂದೇ ಸಂಜೆ ಪಂಚಾಯಿತಿಯ ಬಾಗಿಲಿಗೆ ಹೋಗಿ ನಿಲ್ಲಬಲ್ಲನು. ನಮ್ಮ ವಿದ್ಯಾರ್ಥಿಗಳಿಗೆ ಜಗತ್ತನ್ನು ತೋರಿಸುವ ಉತ್ಸಾಹದಲ್ಲಿ ಆ ಬಾಗಿಲಿನ ದಾರಿಯನ್ನು ತೋರಿಸಲು ಮರೆಯದಿರೋಣ.